ಫ್ಲಾಪ್ ಆಗದ 'ಫ್ಲಾಪ್ ಶೋ' ಮೇಷ್ಟ್ರು

ಬಸ್ಸಿಗೆ ಅರ್ಧ ಗಂಟೆ ಕಾದರೆ ನಾವು ಮಾಡೋದೇನು? ಬೈಯೋದು. ಅದೇ ಬೈಗುಳವನ್ನು ನಗೆಯಾಗಿ ತಿರುಗಿಸಿ, ಬೈಸಿಕೊಳ್ಳಬೇಕಾದ ಸಾಹೇಬರನ್ನೂ ಟಿವಿ ಮುಂದೆ ಕೂರಿಸಿದ ಆಸಾಮಿ ಒಬ್ಬರಿದ್ದರು. ಹೆಸರು ಜಸ್ಪಾಲ್ ಭಟ್ಟಿ. ಕಾರ್ಯಕ್ಷೇತ್ರ ಚಂಡೀಗಢ.

1955ರಲ್ಲಿ ಅಮೃತಸರದಲ್ಲಿ ಹುಟ್ಟಿದ ಭಟ್ಟಿ ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್. ಹಚ್ಚಿಕೊಂಡಿದ್ದು ಹಾಸ್ಯದ ಹುಚ್ಚು. 'ನಾನ್‌ಸೆನ್ಸ್ ಕ್ಲಬ್' ಕಟ್ಟಿ ಬೀದಿನಾಟಕ ಆಡಿದರು. 'ಟ್ರಿಬ್ಯೂನ್' ಪತ್ರಿಕೆಗೆ ವ್ಯಂಗ್ಯಚಿತ್ರ ಬರೆದರು. ಆಮೇಲೆ ದೂರದರ್ಶನದಲ್ಲಿ 'ಉಲ್ಟಾ ಪುಲ್ಟಾ' ಎಂಬ ಚುಟುಕು ಹಾಸ್ಯ; ಕಾಫಿ ಕುಡಿಯುವಷ್ಟರಲ್ಲಿ ಮುಗೀತಿತ್ತು.

1989ರಲ್ಲಿ ಬಂತು 'ಫ್ಲಾಪ್ ಶೋ'. ಬರೆದವರು, ನಿರ್ದೇಶಿಸಿದವರು, ನಟಿಸಿದವರು ಭಟ್ಟಿಯವರೇ. ಪತ್ನಿ ಸವಿತಾ ಭಟ್ಟಿ ನಿರ್ಮಾಪಕಿ, ನಟಿ ಕೂಡ. ಬಂದದ್ದು ಹತ್ತೇ ಕಂತು! ಸುಳ್ಳು ಮೆಡಿಕಲ್ ಬಿಲ್, ಕಂಟ್ರಾಕ್ಟರನ ಕಳಪೆ ಕೆಲಸ, ಕೆಟ್ಟು ಕೂತ ಟೆಲಿಫೋನು, ಯಾರನ್ನೂ ಬಿಡಲಿಲ್ಲ. ಯಾರನ್ನು ಗೇಲಿ ಮಾಡುತ್ತಿದ್ದರೋ ಅವರಿಗೇ ಆ ಕಂತು 'ಅರ್ಪಣೆ'! ಕೊನೆಗೆ ಸಿನಿಮಾ ಹಾಡಿನ ಧಾಟಿಯಲ್ಲೊಂದು ಅಣಕು ಹಾಡು.

ಒಂದು ಕಂತಿನಲ್ಲಿ ಪಿಎಚ್.ಡಿ. ಗೈಡು ತನ್ನ ವಿದ್ಯಾರ್ಥಿಯಿಂದ ಮನೆಗೆಲಸ ಮಾಡಿಸಿಕೊಳ್ತಾನೆ. ಇಂಥ ಗುರುಗಳನ್ನು ಅಣಕಿಸಿದ ಮನುಷ್ಯ ಮುಂದೆ ತಾನೇ ಗುರುವಾದರು ನೋಡಿ! 'ಮ್ಯಾಡ್ ಆರ್ಟ್ಸ್' ಎಂಬ ಶಾಲೆ ತೆರೆದು ಹುಡುಗರಿಗೆ ಸಿನಿಮಾ, ಅನಿಮೇಷನ್ ಕಲಿಸಿದರು. ನಗಿಸೋ ವಿದ್ಯೆಗೂ ತರಬೇತಿ ಬೇಕೆಂದು 'ಜೋಕ್ ಫ್ಯಾಕ್ಟರಿ' ಶುರುಮಾಡಿದರು. ಹೆಣ್ಣು ಭ್ರೂಣಹತ್ಯೆಯಂಥ ವಿಷಯದ ಮೇಲೂ ಶಾಲೆಯಿಂದ ಅನಿಮೇಷನ್ ಚಿತ್ರ ಬಂತು. ನಗೆ ಅಂದರೆ ಬರೀ ಹಲ್ಲು ಕಿರಿಯೋದಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕೆ?

ಕೊನೆಯ ಚಿತ್ರ 'ಪವರ್ ಕಟ್'. ಎಲೆಕ್ಟ್ರಿಕಲ್ ಇಂಜಿನಿಯರ್ ಕರೆಂಟ್ ಹೋಗೋದರ ಮೇಲೇ ಸಿನಿಮಾ ಮಾಡಿದರು! ಅದರ ಪ್ರಚಾರಕ್ಕೆ ಊರೂರು ಸುತ್ತುತ್ತಿದ್ದಾಗ, ಬಿಡುಗಡೆಗೆ ಒಂದೇ ದಿನ ಬಾಕಿಯಿರುವಾಗ, 2012ರ ಅಕ್ಟೋಬರ್ 25ರಂದು ಜಲಂಧರ್ ಜಿಲ್ಲೆಯ ಶಾಹಕೋಟ್ ಬಳಿ ಕಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 57. ಮರುವರ್ಷ ಮರಣೋತ್ತರ ಪದ್ಮಭೂಷಣ ಬಂತು.

ಪದವಿ, ಪದಕ ಇರಲಿ. ತನಗೆ ಬಂದ ವಿದ್ಯೆಯನ್ನು ಗಂಟು ಕಟ್ಟಿಟ್ಟುಕೊಳ್ಳದೆ ಎಳೆಯರ ಕೈಗೆ ದಾಟಿಸಿದರಲ್ಲ, ಅದು ದೊಡ್ಡದು. ನಮ್ಮ ಅಂಗಡಿ ಹುಡುಗನಿಗೆ ನಾವು ಹೇಳಿಕೊಡೋದು ಲೆಕ್ಕಾನೋ, ಬರೀ ಟೀ ತರೋ ಕೆಲಸಾನೋ? ಎರಡನೆಯದಾದರೆ ಹುಷಾರು: ಭಟ್ಟಿ ಇದ್ದಿದ್ದರೆ ಒಂದು ಕಂತು ನಮಗೇ ಅರ್ಪಣೆ ಮಾಡ್ತಿದ್ದರು!