ಸರಕಿನ ಹಣೆಬರಹ

ಮನುಷ್ಯನ ಹಣೆಬರಹವನ್ನು ಬರೆಯುವವನು ಬ್ರಹ್ಮನೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಅದನ್ನು ಓದಬಲ್ಲವರಿಲ್ಲ, ಅಳಿಸಬಲ್ಲವರೂ ಇಲ್ಲ. ಆದರೆ ಪೇಟೆಗೆ ಬರುವ ಸರಕಿನ ಹಣೆಬರಹವನ್ನು ಬರೆಯುವವನು ಅದನ್ನು ತಯಾರಿಸಿದವನೇ. ಅದನ್ನು ಎಲ್ಲರೂ ಓದುತ್ತಾರೆ: ಕೊಳ್ಳುವ ಗೃಹಿಣಿ, ಹೊರುವ ಹಮಾಲ, ಹಂಚುವ ಟಪಾಲಿನವನು, ಪರೀಕ್ಷಿಸುವ ಅಧಿಕಾರಿ. ಬರೆಹ ತಪ್ಪಿದರೆ ಪೊಟ್ಟಣದೊಳಗೆ ಅಮೃತವೇ ಇದ್ದರೂ ಅದು ತಲುಪಬೇಕಾದ ನಾಲಿಗೆಯನ್ನು ತಲುಪುವುದಿಲ್ಲ. ಇಷ್ಟು ಮಹತ್ತ್ವದ ಚೀಟಿಯನ್ನು ನಮ್ಮ ಸಣ್ಣ ಉದ್ಯಮಿಗಳು ಅನೇಕ ವೇಳೆ ಎಲ್ಲ ಕೆಲಸಗಳೂ ಮುಗಿದ ಮೇಲೆ, ಅವಸರದಲ್ಲಿ, ಬಣ್ಣವೊಂದನ್ನೇ ನೋಡಿ ಆರಿಸುತ್ತಾರೆ.

ಕೊಪ್ಪಳ ಜಿಲ್ಲೆಯ ಯಲಬುರ್ಗಾದಂಥ ಊರಿನಲ್ಲಿ ಈ ಚೀಟಿಯ ಅಗತ್ಯ ಬಹುಕಾಲ ಕಾಣಿಸಲಿಲ್ಲ. ಸಂತೆಯಲ್ಲಿ ಖಡಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಮಾರುವ ಹೆಂಗಸಿಗೆ ಆಕೆಯ ಮುಖವೇ ಲೇಬಲ್ಲು. “ಯಕ್ಕಾ, ಹಿಂಡಿ ಯಾವಾಗ ಕುಟ್ಟಿದ್ದು? ಖಾರ ಎಷ್ಟೈತಿ?” ಎಂದು ಕೇಳಿದರೆ ಅಲ್ಲಿಯೇ ಉತ್ತರ ಸಿಗುತ್ತದೆ, ರುಚಿ ನೋಡಲು ಅಂಗೈಯ ಮೇಲೆ ಒಂದು ಚಿಟಿಕೆಯೂ ಬೀಳುತ್ತದೆ. ಪದಾರ್ಥ ಕೆಟ್ಟಿದ್ದರೆ ಮುಂದಿನ ಸಂತೆಯಲ್ಲಿ ಜಗಳವಾಡಬಹುದು. ನಂಬಿಕೆಗೆ ಕಾಗದದ ಹಂಗಿಲ್ಲ.

ಆದರೆ ಇಂದು ಬಯಲುಸೀಮೆಯ ರೊಟ್ಟಿ ಬೆಂಗಳೂರು, ಪುಣೆಗಳ ಮನೆಗಳನ್ನು ಸೇರುತ್ತಿದೆ. ಸ್ವಸಹಾಯ ಸಂಘಗಳ ಹೆಂಗಸರು ತಟ್ಟಿ ಒಣಗಿಸಿದ ರೊಟ್ಟಿ ಪೊಟ್ಟಣವಾಗಿ ಲಾರಿ ಹತ್ತುತ್ತದೆ. 2025ರ ಮೇ ತಿಂಗಳಿನಲ್ಲಿ ಕುಷ್ಟಗಿಯಿಂದ ಯಲಬುರ್ಗಾ, ಕುಕನೂರುಗಳ ಮೂಲಕ ಹುಬ್ಬಳ್ಳಿಗೆ ರೈಲೂ ಓಡತೊಡಗಿತು. ದಾರಿ ತೆರೆದಷ್ಟೂ ಮಾಡುವ ಕೈ ತಿನ್ನುವ ಬಾಯಿಗೆ ದೂರವಾಗುತ್ತದೆ. ಆ ದೂರದಲ್ಲಿ ಯಕ್ಕನ ಬದಲಾಗಿ ನಿಂತು ಮಾತನಾಡಬೇಕಾದುದು ಅಂಗೈಯಗಲದ ಒಂದು ಚೀಟಿ.

ಶಾಸನದ ಮೇಲ್ಪಂಕ್ತಿ

ದೂರದವನಿಗೆ ನಂಬಿಕೆ ಬರುವಂತೆ ಬರೆಯುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಯಲಬುರ್ಗಾ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಸಿಂದರ ರಾಜಧಾನಿ. ಅಂದಿನ ಹೆಸರು ಎರಂಬರಗೆ. ಹಿಂದೆ ಇದೇ ತಾಲ್ಲೂಕಿಗೆ ಸೇರಿದ್ದು, ಈಗ ಕುಕನೂರು ತಾಲ್ಲೂಕಿನಲ್ಲಿರುವ ಇಟಗಿಯ ಮಹಾದೇವ ದೇವಾಲಯವನ್ನು ಮಹಾದೇವ ದಂಡನಾಯಕನು ಕಟ್ಟಿಸಿದುದು ಕ್ರಿ.ಶ. 1112ರಲ್ಲಿ. “ದೇವಾಲಯ ಚಕ್ರವರ್ತಿ” ಎಂದು ಅದನ್ನು ಹೊಗಳಿದ ಶಾಸನ ಇಂದಿಗೂ ಉಳಿದಿದೆ.

ಆ ಕಾಲದ ದಾನಶಾಸನವೊಂದನ್ನು ಓದಿ ನೋಡಿದರೆ ಅದರ ವ್ಯವಸ್ಥೆ ಆಶ್ಚರ್ಯ ತರುತ್ತದೆ. ಕೊಟ್ಟವರು ಯಾರು, ಕೊಟ್ಟ ದಿನ ಯಾವುದು, ಕೊಟ್ಟದ್ದು ಏನು, ಎಷ್ಟು, ಅದನ್ನು ಅಳೆದ ಕೋಲು ಯಾವುದು ಎಂಬುದೆಲ್ಲ ಕ್ರಮವಾಗಿ ಬರುತ್ತದೆ. ಇಂದಿನ ಕಾನೂನು ಪೊಟ್ಟಣದ ಮೇಲೆ ಕೇಳುವುದೂ ಹೆಚ್ಚುಕಡಿಮೆ ಇದನ್ನೇ: ತಯಾರಕನ ಹೆಸರು, ತಯಾರಾದ ಕಾಲ, ಪದಾರ್ಥ, ತೂಕ. ಕಲ್ಲಿನ ಮೇಲೆ ಬರೆಯುವವನು ಅಕ್ಷರಕ್ಕೆ ತಕ್ಕ ಕಲ್ಲನ್ನು ಮೊದಲು ಆರಿಸುತ್ತಿದ್ದ. ಕಾಗದದ ಮೇಲೆ ಬರೆಸುವವನೂ ಹಾಗೆಯೇ ಮಾಡಬೇಕಲ್ಲವೆ?

ಚಿತ್ರವೇ ಅಕ್ಷರವಾದ ಕಾಲ

ಅಕ್ಷರ ಬಲ್ಲವರು ಕಡಿಮೆಯಿದ್ದಾಗ ಚಿತ್ರವೇ ಹೆಸರಾಗಿತ್ತು. ಮ್ಯಾಂಚೆಸ್ಟರಿನ ಬಟ್ಟೆ ವ್ಯಾಪಾರಿಗಳು ಹಿಂದೂಸ್ಥಾನಕ್ಕೆ ಕಳುಹಿಸುವ ತಾನುಗಳ ಮೇಲೆ ದೇವದೇವತೆಗಳ, ಆನೆ ಹುಲಿಗಳ ಬಣ್ಣದ ಚೀಟಿಗಳನ್ನು ಅಂಟಿಸುತ್ತಿದ್ದರು. ಓದು ಬಾರದವನೂ ಚಿತ್ರ ನೋಡಿ ತನಗೆ ಬೇಕಾದ ಬಟ್ಟೆಯನ್ನು ಕೇಳಿ ಪಡೆಯುತ್ತಿದ್ದ. ತಮಿಳುನಾಡಿನ ಶಿವಕಾಶಿಯಿಂದ ಇಬ್ಬರು ನಾಡಾರ್ ಬಂಧುಗಳು 1922ರಲ್ಲಿ ಕಲ್ಕತ್ತೆಗೆ ಹೋಗಿ ಬೆಂಕಿಪೊಟ್ಟಣದ ಕೆಲಸ ಕಲಿತು ಬಂದರು. ಆ ಪೊಟ್ಟಣಗಳಿಗೆ ಬೇಕಾದ ಚೀಟಿಗಳ ಸಲುವಾಗಿ ಬೆಳೆದ ಮುದ್ರಣ ಆ ಊರನ್ನು ದೇಶದ ದೊಡ್ಡ ಅಚ್ಚುಕೂಟವನ್ನಾಗಿ ಮಾಡಿತು.

ಕನ್ನಡ ನಾಡಿನಲ್ಲಿ ಇದಕ್ಕೆ ಒಳ್ಳೆಯ ನಿದರ್ಶನ ಮೈಸೂರು ಸ್ಯಾಂಡಲ್ ಸಾಬೂನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಶ್ರೀಗಂಧ ಹೊರದೇಶಕ್ಕೆ ಹೋಗುವುದು ನಿಂತಾಗ ಮೈಸೂರು ಸಂಸ್ಥಾನ ತಾನೇ ಎಣ್ಣೆ ತೆಗೆಯಿತು. ಬಳಿಕ ಸಾಬೂನು ಮಾಡಿತು. ಅದನ್ನು ರೂಪಿಸಿದ ರಸಾಯನಶಾಸ್ತ್ರಜ್ಞ ಎಸ್. ಜಿ. ಶಾಸ್ತ್ರಿಗಳು ಸಾಬೂನಿನ ಪರಿಮಳವನ್ನು ಮಾತ್ರವಲ್ಲ, ಅದರ ಹೊದಿಕೆಯನ್ನೂ ಯೋಚಿಸಿದ್ದರು. ಒಡವೆಯ ಪೆಟ್ಟಿಗೆಯನ್ನು ಹೋಲುವ ಡಬ್ಬಿ. ಆನೆಯ ತಲೆ, ಸಿಂಹದ ಮೈಯುಳ್ಳ ಶರಭದ ಗುರುತು. ನೂರು ವರ್ಷಗಳ ಮೇಲೂ ಆ ಗುರುತನ್ನು ಕಂಡೊಡನೆ ಮೂಗಿಗೆ ಗಂಧ ಬಂದಂತಾಗುತ್ತದೆ. ಗುರುತು ಗೆದ್ದದ್ದು ಅದರ ಅಂದದಿಂದ ಮಾತ್ರವಲ್ಲ. ಒಳಗಿನ ಪದಾರ್ಥ ಹೊರಗಿನ ಮಾತನ್ನು ಉಳಿಸಿಕೊಂಡದ್ದರಿಂದ.

ಪಯಣ ನೋಡಿ ಕಾಗದ

ಲೇಬಲ್ಲನ್ನು ಆರಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ “ಯಾವ ಬಣ್ಣ?” ಎಂಬುದಲ್ಲ, “ಈ ಸರಕು ಎಲ್ಲಿಗೆ, ಹೇಗೆ, ಎಷ್ಟು ದಿನ ಪಯಣ ಮಾಡುತ್ತದೆ?” ಎಂಬುದು.

ಶೇಂಗಾ ಹಿಂಡಿಯನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಎಣ್ಣೆಯ ಅಂಶವಿದೆ. ಸಾಧಾರಣ ಕಾಗದದ ಚೀಟಿಗೆ ಎಣ್ಣೆ ತಾಗಿದರೆ ಅಕ್ಷರ ಮಸುಕಾಗುತ್ತದೆ, ಅಂಟೂ ಬಿಡುತ್ತದೆ. ಇಂಥ ಪದಾರ್ಥಕ್ಕೆ ಪ್ಲಾಸ್ಟಿಕ್ ಹಾಳೆಯ ಲೇಬಲ್ಲು ಅಥವಾ ಮೇಲೆ ತೆಳುಪೊರೆ ಹೊದಿಸಿದ ಕಾಗದ ತಕ್ಕದ್ದು. ಒಣ ರೊಟ್ಟಿಗೆ ಅಷ್ಟು ಖರ್ಚು ಬೇಡ. ನುಣುಪಾದ ಕಾಗದವೇ ಸಾಕು. ಉಪ್ಪಿನಕಾಯಿಯ ಗಾಜಿನ ಭರಣಿ ತಂಪುಪೆಟ್ಟಿಗೆಯಲ್ಲಿ ಕುಳಿತು ಬೆವರುತ್ತದೆ. ಅದಕ್ಕೆ ನೀರಿಗೆ ಕರಗದ ಅಂಟು ಬೇಕು. ಅಕ್ಕಿಯ ಹೆಣೆದ ಚೀಲಕ್ಕೆ ಯಾವ ಅಂಟೂ ಚೆನ್ನಾಗಿ ಹಿಡಿಯುವುದಿಲ್ಲ. ಗಂಗಾವತಿಯ ಗಿರಣಿಗಳಿಂದ ಹೊರಡುವ ಅಕ್ಕಿಯ ಚೀಲಗಳ ಮೇಲೆ ಹೆಸರನ್ನು ನೇರವಾಗಿ ಅಚ್ಚು ಹಾಕಿರುವುದು ಈ ಕಾರಣದಿಂದಲೇ.

ಅಚ್ಚಿನ ಬಗೆಯೂ ಮುಖ್ಯ. ಶಾಖದಿಂದ ಕಪ್ಪಾಗುವ ಕಾಗದದ ಮೇಲೆ ಶಾಯಿಯಿಲ್ಲದೆ ಮುದ್ರಿಸುವ ಯಂತ್ರಗಳು ಈಗ ಅಗ್ಗವಾಗಿ ದೊರೆಯುತ್ತವೆ. ಬಸ್ಸಿನ ಕಂಡಕ್ಟರು ಯಂತ್ರದಿಂದ ಹರಿದು ಕೊಡುವ ಟಿಕೀಟು ಈ ಜಾತಿಯದು. ಅದನ್ನು ಜೇಬಿನಲ್ಲಿಟ್ಟು ಮರೆತವರು ಕೆಲವು ದಿನಗಳ ಮೇಲೆ ತೆಗೆದು ನೋಡಿದರೆ ಅಕ್ಷರ ಮಾಯವಾಗಿರುವುದನ್ನು ಕಾಣುತ್ತಾರೆ. ಎರಡು ಮೂರು ದಿನಗಳಲ್ಲಿ ಊರು ಸೇರುವ ಪೆಟ್ಟಿಗೆಯ ವಿಳಾಸಕ್ಕೆ ಈ ಬಗೆ ಸಾಕು. ಆದರೆ ಬಿಸಿಲನಾಡಿನ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂಡುವ ಸರಕಿಗೆ ಇದನ್ನು ನಂಬಬಾರದು. ಅಲ್ಲಿ ಶಾಯಿಪಟ್ಟಿಯನ್ನು ಕಾಯಿಸಿ ಒತ್ತುವ ಮುದ್ರಣ, ಅಥವಾ ಮುದ್ರಣಾಲಯದ ಅಚ್ಚು ಬೇಕು.

ಸಾವಿರಾರು ಚೀಟಿಗಳನ್ನು ಮಾಡಿಸುವ ಮೊದಲು ಹತ್ತನ್ನು ಮಾಡಿಸಿ ಪರೀಕ್ಷಿಸುವುದು ಜಾಣತನ. ಒಂದನ್ನು ಪೊಟ್ಟಣಕ್ಕೆ ಅಂಟಿಸಿ ಒಂದು ದಿನ ಬಿಸಿಲಿನಲ್ಲಿಡಬೇಕು. ಇನ್ನೊಂದನ್ನು ಎಣ್ಣೆಗೈಯಿಂದ ಉಜ್ಜಬೇಕು. ಮತ್ತೊಂದರ ಮೇಲೆ ನೀರು ಚಿಮುಕಿಸಬೇಕು. ಅಂಚು ಏಳದೆ, ಅಕ್ಷರ ಅಳಿಯದೆ ಉಳಿದುದೇ ಒಳ್ಳೆಯ ಲೇಬಲ್ಲು. ಈ ಪರೀಕ್ಷೆಗೆ ಅಡಿಗೆಮನೆಯೇ ಪ್ರಯೋಗಶಾಲೆ.

ಕಾನೂನು ಕೇಳುವ ಮಾತು

ಪೊಟ್ಟಣದ ಮೇಲೆ ಏನನ್ನು ಬರೆಯಬೇಕೆಂಬುದು ಮಾಲೀಕನ ಇಷ್ಟಕ್ಕೆ ಬಿಟ್ಟ ಮಾತಲ್ಲ. 2011ರ ಪೊಟ್ಟಣ ಸರಕುಗಳ ನಿಯಮಗಳ ಪ್ರಕಾರ ತಯಾರಕನ ಅಥವಾ ಪೊಟ್ಟಣ ಕಟ್ಟಿದವನ ಹೆಸರು ಮತ್ತು ವಿಳಾಸ, ಪದಾರ್ಥದ ಹೆಸರು, ಹೊದಿಕೆಯನ್ನು ಕಳೆದ ನಿವ್ವಳ ತೂಕ, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಹೇಳಿಕೊಳ್ಳಬೇಕಾದ ವಿಳಾಸ ಇರಲೇಬೇಕು. ಅಕ್ಷರಗಳ ಎತ್ತರಕ್ಕೂ ಕನಿಷ್ಠ ಮಿತಿಯಿದೆ; ಭೂತಗನ್ನಡಿಯಿಂದ ಓದಬೇಕಾದ ಬೆಲೆ ಬೆಲೆಯಲ್ಲ.

ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕೆಗಳ ಸಂಖ್ಯೆ, ಬೆರೆಸಿದ ಸಾಮಗ್ರಿಗಳ ಪಟ್ಟಿ, ಎಷ್ಟು ಕಾಲದೊಳಗೆ ಬಳಸಬೇಕೆಂಬ ಸೂಚನೆ, ಸಸ್ಯಾಹಾರಕ್ಕೆ ಹಸಿರು ಚೌಕದೊಳಗಿನ ಹಸಿರು ಚುಕ್ಕೆ ಸೇರಬೇಕು. ಸಾಮಗ್ರಿಗಳಲ್ಲಿ ಹೆಚ್ಚು ಬೆರೆಸಿದುದನ್ನು ಮೊದಲು ಹೇಳಬೇಕೆಂಬುದು ನಿಯಮ. ಶೇಂಗಾ ಇದ್ದರೆ ಅದನ್ನು ಎಚ್ಚರಿಕೆಯ ಮಾತಾಗಿ ಪ್ರತ್ಯೇಕವಾಗಿ ಬರೆಯಬೇಕು. ಯಲಬುರ್ಗಾದಲ್ಲಿ ಶೇಂಗಾ ದಿನನಿತ್ಯದ ಊಟ; ಆದರೆ ಕೆಲವು ಮಕ್ಕಳಿಗೆ ಅದರ ಒಂದು ಕಾಳು ಸೇರಿದರೂ ಉಸಿರು ಕಟ್ಟಿ ಪ್ರಾಣಕ್ಕೇ ಅಪಾಯವಾಗುವುದುಂಟು. ದೂರದ ಊರಿನ ತಾಯಿಯೊಬ್ಬಳು ಮಗುವಿನ ತಟ್ಟೆಗೆ ಹಿಂಡಿ ಬಡಿಸುವ ಮೊದಲು ನೋಡುವುದು ಆ ಒಂದು ಸಾಲನ್ನು. ಜಾಗ ಉಳಿಸಲೆಂದು ಅದನ್ನು ಬಿಟ್ಟವನು ಉಳಿಸಿದುದೇನು?

ಭಾಷೆಯ ವಿಷಯದಲ್ಲಿಯೂ ಎಚ್ಚರ ಬೇಕು. ಪೊಟ್ಟಣದ ನಿಯಮ ಕೇಳುವ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಬೇಕು. ಜೊತೆಗೆ ಬೇರೆ ಯಾವ ಭಾಷೆಯನ್ನಾದರೂ ಸೇರಿಸಬಹುದು. ರಾಜ್ಯದಲ್ಲಿ ತಯಾರಾದ ಸರಕುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲಿಯೂ ಇರಬೇಕೆಂಬುದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದ ಆಶಯ. ಆದುದರಿಂದ ಎರಡು ನುಡಿಗಳಿಗೂ ಸ್ಥಳವಿರುವಷ್ಟು ಅಗಲದ ಚೀಟಿಯನ್ನು ಮೊದಲೇ ಯೋಜಿಸಬೇಕು. ಕೊನೆಗೆ ಕನ್ನಡವನ್ನು ಮೂಲೆಯಲ್ಲಿ ಇರುಕಿಸುವುದು ಮನೆಯ ಹಿರಿಯರನ್ನು ಪಡಸಾಲೆಯಿಂದಾಚೆ ಕೂರಿಸಿದಂತೆ.

ಇನ್ನೊಂದು ಹಣದ ಮಾತು. ಅಗ್ಗವಾಗುತ್ತದೆಂದು ಹತ್ತು ಸಾವಿರ ಚೀಟಿಗಳಲ್ಲಿ ಬೆಲೆ, ತಾರೀಕುಗಳನ್ನೂ ಅಚ್ಚು ಹಾಕಿಸಿದರೆ, ಶೇಂಗಾದ ದರ ಏರಿದ ದಿನ ಅಷ್ಟೂ ರದ್ದಿ. ಹಳೆಯ ಬೆಲೆಯ ಮೇಲೆ ಹೆಚ್ಚಿನ ಬೆಲೆಯ ಚೀಟಿ ಅಂಟಿಸಲು ಕಾನೂನು ಒಪ್ಪುವುದಿಲ್ಲ. ಬದಲಾಗದ ಸಂಗತಿಗಳನ್ನು ಮಾತ್ರ ಮುದ್ರಿಸಿ, ಬೆಲೆ, ತಾರೀಕು, ತಂಡದ ಸಂಖ್ಯೆಗಳಿಗೆ ಖಾಲಿ ಜಾಗ ಬಿಟ್ಟು, ಪೊಟ್ಟಣ ಕಟ್ಟುವ ದಿನ ಮುದ್ರೆಯೊತ್ತುವುದು ಸರಿಯಾದ ದಾರಿ.

ವಿಳಾಸವೆಂಬ ದಾರಿದೀಪ

ಪೊಟ್ಟಣದ ಚೀಟಿ ಕೊಳ್ಳುವವರಿಗಾದರೆ, ಪೆಟ್ಟಿಗೆಯ ಚೀಟಿ ಸಾಗಿಸುವವರಿಗೆ. ಅಲ್ಲಿ ಅಲಂಕಾರಕ್ಕೆ ಎಡೆಯಿಲ್ಲ. ಸಾಧಾರಣವಾಗಿ ಬಳಕೆಯಲ್ಲಿರುವ ನಾಲ್ಕು ಅಂಗುಲ ಅಗಲ, ಆರು ಅಂಗುಲ ಉದ್ದದ ಬಿಳಿಯ ಚೀಟಿಯಲ್ಲಿ ಕಪ್ಪು ದಪ್ಪಕ್ಷರ ಸಾಕು. ಅದನ್ನು ಪೆಟ್ಟಿಗೆಯ ಅತ್ಯಂತ ಅಗಲವಾದ ಮುಖದ ಮೇಲೆ, ಅಂಚಿನ ಮೇಲೆ ಮಡಿಸದೆ, ಹಳೆಯ ಚೀಟಿಯನ್ನು ಕಿತ್ತುಹಾಕಿ ಅಂಟಿಸಬೇಕು. ಹಳೆಯ ವಿಳಾಸ ಉಳಿದರೆ ಪೆಟ್ಟಿಗೆ ಹಳೆಯ ಊರಿಗೇ ಹೊರಟೀತು!

ಯಲಬುರ್ಗಾ, ಯಲಬುರ್ಗಿ, ಯಲಬರ್ಗಾ ಎಂದು ಒಂದೇ ಊರಿನ ಹೆಸರನ್ನು ಜನ ಹಲವು ಬಗೆಯಾಗಿ ಬರೆಯುತ್ತಾರೆ. ಇಂಗ್ಲಿಷಿನಲ್ಲಂತೂ ಇನ್ನೂ ಹೆಚ್ಚು. ಈ ಗೊಂದಲವನ್ನು ಪರಿಹರಿಸುವುದು 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಸಂಖ್ಯೆ. ಯಲಬುರ್ಗಾದ ಸಂಖ್ಯೆ 583236. ಮೊದಲ ಮೂರು ಅಂಕೆಗಳು ಟಪಾಲನ್ನು ವಿಂಗಡಿಸುವ ಜಿಲ್ಲೆಯನ್ನೂ ಕೊನೆಯ ಮೂರು ಅಂಚೆ ಕಚೇರಿಯನ್ನೂ ತಿಳಿಸುತ್ತವೆ. ಹೆಸರಿನ ಕಾಗುಣಿತ ತಪ್ಪಿದರೂ ಸಂಖ್ಯೆ ಸರಿಯಿದ್ದರೆ ಪೆಟ್ಟಿಗೆ ದಾರಿ ತಪ್ಪುವುದು ಅಪರೂಪ.

ಪಕ್ಕದಲ್ಲಿರುವ ಕಪ್ಪು ಗೆರೆಗಳ ಬಾರ್‌ಕೋಡ್ ಯಂತ್ರದ ಕಣ್ಣಿಗಾಗಿ ಬರೆದ ಅಕ್ಷರ. ಅಂಗಡಿಯಲ್ಲಿ ಅದನ್ನು ಮೊದಲು ಓದಿಸಿದುದು 1974ರ ಜೂನ್ 26ರಂದು, ಅಮೆರಿಕದ ಓಹಿಯೋ ಪ್ರಾಂತದಲ್ಲಿ, ಒಂದು ಚೂಯಿಂಗ್ ಗಮ್ ಪೊಟ್ಟಣದ ಮೇಲೆ. ಗೆರೆಗಳ ಎರಡೂ ಬದಿಗೆ ಖಾಲಿ ಜಾಗ ಬೇಕು. ಅಂದಕ್ಕೆಂದು ಕೆಂಪು ಗೆರೆ ಹಾಕಿಸಿದರೆ ಕೆಂಪು ಬೆಳಕಿನಿಂದ ಓದುವ ಯಂತ್ರಕ್ಕೆ ಅದು ಕಾಣುವುದೇ ಇಲ್ಲ. ಯಂತ್ರದಂತೆಯೇ ಹಮಾಲನಿಗೂ ಅವನದೇ ಲಿಪಿಯುಂಟು: ಒಡೆಯುವ ವಸ್ತುವಿಗೆ ಗಾಜಿನ ಬಟ್ಟಲು, ನೆನೆಯಬಾರದ್ದಕ್ಕೆ ಕೊಡೆ, ಮೇಲ್ಭಾಗ ತೋರಿಸಲು ಎರಡು ಬಾಣ. ಇವು ಜಗತ್ತಿನ ಬಂದರುಗಳಲ್ಲೆಲ್ಲ ನಡೆಯುವ ಗುರುತುಗಳು.

ಹೆಸರಿನ ಹಕ್ಕು

ಗಾಜಿನ ಬಟ್ಟಲಿನ ಗುರುತು ಅತ್ಯಗತ್ಯವಾದ ಸರಕು ಇದೇ ಜಿಲ್ಲೆಯಲ್ಲಿದೆ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ಹಗುರವಾದ ಮರದಿಂದ ಗೊಂಬೆಗಳನ್ನು ಕೆತ್ತಿ, ಹುಣಿಸೆಬೀಜದ ಅಂಟು ಬಳಸಿ ಬಣ್ಣ ತುಂಬುತ್ತವೆ. ಕಿನ್ನಾಳದ ಗೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಬೇರೆಲ್ಲಿಯೋ ಯಂತ್ರದಲ್ಲಿ ತಯಾರಾದ ಗೊಂಬೆಯ ಮೇಲೆ ಆ ಹೆಸರಿನ ಚೀಟಿ ಅಂಟಿಸುವುದು ಅಪರಾಧ. ಆದರೆ ನಿಜವಾದ ಗೊಂಬೆಯೇ ಹೆಸರಿಲ್ಲದೆ ಅಂಗಡಿಯ ಕಪಾಟಿನಲ್ಲಿ ನಿಂತರೆ ಕಾನೂನು ಏನು ಮಾಡೀತು? ಕೊಳ್ಳುವವನು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಅಗ್ಗವಾದುದನ್ನು ಒಯ್ಯುತ್ತಾನೆ. ತಲೆಮಾರುಗಳಿಂದ ಬಂದ ಕೈಕೆಲಸದ ಕೂಲಿ ಹೀಗೆ ಒಂದು ಚೀಟಿಯ ಕೊರತೆಯಿಂದ ಕರಗಿಹೋಗುತ್ತದೆ.

ಆದುದರಿಂದ ಲೇಬಲ್ಲಿಗೆ ಮಾಡಿದ ಖರ್ಚನ್ನು ಶೃಂಗಾರದ ಲೆಕ್ಕಕ್ಕೆ ಬರೆಯಬಾರದು. ಮಾಡಿದವರ ಶ್ರಮಕ್ಕೆ ಅದು ಸಾಕ್ಷಿ, ಕೊಂಡವರ ಆರೋಗ್ಯಕ್ಕೆ ಅದು ಕಾವಲು. ಕೊಳ್ಳುವ ಗೃಹಿಣಿಯರದೂ ಇಲ್ಲಿ ಒಂದು ಪಾಲಿದೆ. ಬೆಲೆಯನ್ನು ಮಾತ್ರ ನೋಡದೆ ತೂಕ, ತಾರೀಕು, ತಯಾರಿಸಿದವರ ಹೆಸರುಗಳನ್ನು ಓದಿ ಕೊಳ್ಳುವವರು ಹೆಚ್ಚಿದಂತೆ ಸತ್ಯವನ್ನು ಬರೆಯುವವರೂ ಹೆಚ್ಚುತ್ತಾರೆ. ಬ್ರಹ್ಮನ ಬರೆಹವನ್ನು ತಿದ್ದಲು ಯಾರಿಂದಲೂ ಆಗದು; ಸರಕಿನ ಹಣೆಬರಹವನ್ನು ಮೊದಲ ಸಲವೇ ನೆಟ್ಟಗೆ ಬರೆಯುವುದಂತೂ ಮನುಷ್ಯನ ಕೈಯಲ್ಲಿಯೇ ಇದೆ.