ಕರಾವಳಿಯ ಬೆಳಕು ಮತ್ತು ಹೆಬ್ಬಾರರ ನಿಸರ್ಗಚಿತ್ರ

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ (1911–1996) ನಿಸರ್ಗಚಿತ್ರಗಳನ್ನು ಇಂಪ್ರೆಷನಿಸ್ಟ್ ಪಂಥದವೆಂದು ಕರೆದುಬಿಡುವುದು ಸುಲಭ. ಆ ಹೆಸರು ಎಷ್ಟರಮಟ್ಟಿಗೆ ಒಪ್ಪುವುದೆಂದು ತಿಳಿಯಬೇಕಾದರೆ ಪಂಥದ ಮರ್ಮವನ್ನೂ, ಅವರು ಕಣ್ಣುಬಿಟ್ಟ ನಾಡಿನ ಬೆಳಕನ್ನೂ ಒಟ್ಟಿಗೆ ವಿಚಾರಿಸಬೇಕಾಗುವುದು.

1874ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನವನ್ನು ನಡೆಸಿದ ಈ ಪಂಥದವರಿಗೆ ವಸ್ತುವು ಮುಖ್ಯವಲ್ಲ; ವಸ್ತುವಿನ ಮೇಲೆ ಆ ಕ್ಷಣದಲ್ಲಿ ಬಿದ್ದ ಬೆಳಕು ಮುಖ್ಯ. ಮೊನೆ ಎಂಬ ಚಿತ್ರಕಾರನು 1890–91ರಲ್ಲಿ ಹುಲ್ಲಿನ ಬಣವೆಗಳನ್ನೇ ಹೊತ್ತುಹೊತ್ತಿಗೆ ಬೇರೆಬೇರೆಯಾಗಿ ಬರೆದನು. ಬಿಡಿಬಿಡಿಯಾದ ಕುಂಚದ ಸ್ಪರ್ಶಗಳು ನೋಡುವವನ ಕಣ್ಣಿನಲ್ಲಿ ಕೂಡಿ ಮೈದಳೆಯುತ್ತವೆ. ಮಂಜು ಮತ್ತು ಮೆಲುಬಿಸಿಲಿನ ದೇಶದಲ್ಲಿ ಬೆಳೆದ ಕ್ರಮವಿದು.

ಕನ್ನಡ ಕರಾವಳಿಯ ಬೆಳಕು ಈ ಜಾತಿಯದಲ್ಲ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಪಡುವಲಿಗೆ ಕಡಲು, ಮೂಡಲಿಗೆ ಘಟ್ಟ. ಕುಂದಾಪುರ ಗಂಗೊಳ್ಳಿಗಳ ನಡುವೆ ಪಂಚಗಂಗಾವಳಿಯ ಅಳಿವೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆ. ದನ ಮೇಯುವ ಹಕ್ಕಲುಗಳಲ್ಲಿ ಮಳೆ ಕಳೆದೊಡನೆ ಹುಲ್ಲು ಒಣಗಿ ಮುರಕಲ್ಲಿನ ಕೆಂಪು ಮೇಲೇಳುತ್ತದೆ. ಬೇಸಗೆಯ ನಡುಹಗಲು ನಡುವಣ ಮೆಲುಬಣ್ಣಗಳನ್ನೆಲ್ಲ ನುಂಗಿ, ನೆಲವನ್ನು ಒಂದೇ ಕೆಂಪಾಗಿಯೂ, ತೆಂಗಿನ ತೋಟವನ್ನು ಒಂದೇ ಕಡುಹಸುರಾಗಿಯೂ, ಆಕಾಶವನ್ನು ಒಂದೇ ಬಿಳುಪಾಗಿಯೂ ತೋರಿಸುತ್ತದೆ. ಇಲ್ಲಿ ಚುಕ್ಕೆಗಳಿಗೆ ಕೆಲಸವಿಲ್ಲ. ಅಂಚು ತೀರ್ಮಾನವಾದ ಬಣ್ಣದ ಹರವು ಬೇಕು.

ಹೆಬ್ಬಾರರ ಹುಟ್ಟೂರು ಉಡುಪಿಯ ತೆಂಕಣದು. ಆದರೂ ಇದೇ ಮಣ್ಣಿನ ಸೆರಗು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ 1938ರಲ್ಲಿ ಡಿಪ್ಲೊಮ ಪಡೆದ ಅವರ ಕೈಗೆ ಪಾಶ್ಚಾತ್ಯ ಪದ್ಧತಿ ಚೆನ್ನಾಗಿಯೇ ಒಗ್ಗಿದ್ದಿತು. ಅದರಿಂದ ಅವರನ್ನು ಬಿಡಿಸಿದವು ಜೈನ ಹಸ್ತಪ್ರತಿಗಳ ಚಿತ್ರಗಳು, ಗೋಗ್ಯಾನನ ವರ್ಣಗಳು, ಅಮೃತಾ ಶೇರ್‌ಗಿಲ್ಲರ ಕೃತಿಗಳು. 'ಸನ್ನಿ ಸೌತ್' ಎಂಬ ಚಿತ್ರದ ಹೆಸರೇ ದಕ್ಷಿಣದ ಬಿಸಿಲನ್ನು ಸಾರುತ್ತದೆ. ಇವು ಮೂರೂ ಹೊರಗಿನಿಂದ ಬಂದ ಪ್ರಭಾವಗಳೆನ್ನುವುದು ಅರ್ಧಸತ್ಯ. ಬಾಲ್ಯದಲ್ಲಿ ಕಂಡುದಕ್ಕೆ ಹೊಂದುವ ಭಾಷೆಯನ್ನು ಅವರು ಇವುಗಳಲ್ಲಿ ಗುರುತಿಸಿದರೆನ್ನುವುದು ಹೆಚ್ಚು ಯುಕ್ತ. 1949–50ರಲ್ಲಿ ಪ್ಯಾರಿಸ್ಸಿನಲ್ಲಿಯೇ ಅಭ್ಯಾಸಮಾಡಿದ ಬಳಿಕವೂ ಅವರು ಮೊನೆಯ ದಾರಿಯನ್ನು ಹಿಡಿಯಲಿಲ್ಲ. ಕಥಕ್ ನೃತ್ಯವನ್ನು ಕಲಿತ ಅವರ ರೇಖೆಗೆ ತನ್ನದೇ ಆದ ಲಯವೂ ಇದ್ದಿತು.

ದೂರದ ಒಂದು ಸಾದೃಶ್ಯ ಇದಕ್ಕೆ ಬೆಂಬಲವಾಗುವುದು. ಅಮೆರಿಕದ ಪಡುವಣ ಗೋಮಾಳಗಳನ್ನೂ ಮರುಭೂಮಿಗಳನ್ನೂ ಬರೆದ ಮೇನಾರ್ಡ್ ಡಿಕ್ಸನ್ನನು (1875–1946) ಮೊದಲು ಬಿಡಿಸ್ಪರ್ಶದ ಕುಂಚವನ್ನೇ ಹಿಡಿದಿದ್ದು, ಮುಂದೆ ಸಮತಲವಾದ ಹರವುಗಳಿಗೆ ತಿರುಗಿದನು. 1925ರ 'ಕ್ಲೌಡ್ ವರ್ಲ್ಡ್' ಚಿತ್ರದಲ್ಲಿ ದಿಗಂತವು ಕೆಳಗಿಳಿದು ಮೋಡಗಳೇ ಪಟವನ್ನು ಆಕ್ರಮಿಸಿವೆ. ಇಬ್ಬರಿಗೂ ಪರಸ್ಪರ ಸಂಬಂಧವಿಲ್ಲ. ಬಿಸಿಲಿನ ಕಾಠಿಣ್ಯವೊಂದೇ ಸಮಾನ.

ಕರಾವಳಿಯಲ್ಲಿ ಮೊನೆಗೆ ಒಪ್ಪುವ ಬೆಳಕು ದೊರೆಯುವುದು ಆಸಾಡಿಯ ಮಳೆಯಲ್ಲಿ. ಆಗ ಕಡಲು, ಗದ್ದೆ, ಆಕಾಶಗಳ ಎಲ್ಲೆ ಅಳಿಸಿಹೋಗುತ್ತದೆ. ಆದರೆ ಆ ದಿನಗಳಲ್ಲಿ ಬಯಲಿನಲ್ಲಿ ಪಟವನ್ನು ಹೂಡಿ ನಿಲ್ಲುವುದು ಯಾರಿಗೆ ಸಾಧ್ಯ? ಕೋಟದ ಬಳಿಯ ಕೋಡಿಯ ತೀರದ ಮಳೆಯೂ ಕಡಲೂ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' (1941) ಕಾದಂಬರಿಯಲ್ಲಿ ದೊರೆಯುತ್ತವೆ, ಬಣ್ಣದಲ್ಲಲ್ಲ, ಮಾತಿನಲ್ಲಿ.