ಚೆಂಡು ಮುಟ್ಟದವರ ರಾಜೀನಾಮೆ

2019ರ ಜನವರಿ 14. ಊರು ಶಾರ್ಜಾ. ಏಷ್ಯಾ ಕಪ್ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ಭಾರತ ಮತ್ತು ಬಹರೇನ್ ತಂಡಗಳ ನಡುವೆ ಪಂದ್ಯ. ತೊಂಬತ್ತು ನಿಮಿಷಗಳ ಆಟ ಮುಗಿದಿತ್ತು. ಗೋಲು ಎರಡೂ ಕಡೆ ಸೊನ್ನೆ. ಗಾಯಗೊಂಡವರ ಆರೈಕೆ, ಆಟಗಾರರ ಬದಲಾವಣೆ ಎಂದು ನಡುವೆ ಪೋಲಾದ ಹೊತ್ತಿಗೆ ರೆಫರಿ ಸೇರಿಸಿ ಕೊಡುವ ಕೆಲವು ನಿಮಿಷಗಳಷ್ಟೇ ಉಳಿದಿದ್ದವು. ಭಾರತ ಗೆಲ್ಲಲೇಬೇಕು ಎಂದೇನೂ ಇರಲಿಲ್ಲ, ಸೋಲದಿದ್ದರೆ ಸಾಕಿತ್ತು. ಡ್ರಾ ಆದರೂ ಮುಂದಿನ ಸುತ್ತು ಖಚಿತ.

ಅಷ್ಟರಲ್ಲಿ ಭಾರತದ ಪೆನಾಲ್ಟಿ ಆವರಣದೊಳಗೆ ನಮ್ಮ ಆಟಗಾರನೊಬ್ಬ ಎದುರಾಳಿಯನ್ನು ತಡೆಯಲು ಹೋಗಿ ಬೀಳಿಸಿದ. ಸೀಟಿ ಊದಿತು. ಪೆನಾಲ್ಟಿ! 91ನೇ ನಿಮಿಷದಲ್ಲಿ ಬಹರೇನಿನ ಜಮಾಲ್ ರಶೀದ್ ಒದ್ದ ಚೆಂಡು ಬಲೆಯೊಳಗೆ ಹೋಯಿತು. ಭಾರತ 0-1ರಿಂದ ಸೋತು ಪಂದ್ಯಾವಳಿಯಿಂದಲೇ ಹೊರಬಿತ್ತು.

ಆ ರಾತ್ರಿ ಇನ್ನೊಂದು ಸುದ್ದಿಯೂ ಬಂತು. ಪಂದ್ಯದ ನಂತರ ಪತ್ರಕರ್ತರ ಎದುರು ಕುಳಿತ ಭಾರತದ ಮುಖ್ಯ ಕೋಚ್ ಸ್ಟೀಫನ್ ಕಾನ್‌ಸ್ಟೆಂಟೈನ್, ತಾವು ಹುದ್ದೆ ಬಿಡುತ್ತಿರುವುದಾಗಿ ಅಲ್ಲೇ ಹೇಳಿಬಿಟ್ಟರು. ಆಟಗಾರರ ಬೆವರು ಇನ್ನೂ ಆರಿರಲಿಲ್ಲ.

ಮಕ್ಕಳೇ, ನಿಮಗೊಂದು ಪ್ರಶ್ನೆ ಏಳಬಹುದು. ಎದುರಾಳಿಯನ್ನು ಬೀಳಿಸಿದವರು ಅವರಲ್ಲ. ಗೋಲು ತಡೆಯಲಾಗದೆ ಹೋದವರೂ ಅವರಲ್ಲ. ಇಡೀ ಪಂದ್ಯದಲ್ಲಿ ಅವರು ಚೆಂಡನ್ನು ಕಾಲಿನಿಂದ ಮುಟ್ಟಿಯೇ ಇಲ್ಲ. ಹಾಗಿದ್ದ ಮೇಲೆ ರಾಜೀನಾಮೆ ಕೊಡಬೇಕಾದವರು ಅವರೇಕೆ?

ಗೆರೆಯಾಚೆ ನಿಂತವರು

ಫುಟ್‌ಬಾಲ್ ಮೈದಾನದ ಅಂಚಿನಲ್ಲಿ ಸುಣ್ಣದ ಬಿಳಿ ಗೆರೆ ಇರುತ್ತದೆ. ಅದರಾಚೆ ಒಬ್ಬರು ಕೈ ಬೀಸುತ್ತ, ಕೂಗುತ್ತ, ಕೆಲವೊಮ್ಮೆ ತಲೆ ಚಚ್ಚಿಕೊಳ್ಳುತ್ತ ಓಡಾಡುವುದನ್ನು ಟಿವಿಯಲ್ಲಿ ನೋಡಿರುತ್ತೀರಿ. ಇಂಗ್ಲೆಂಡಿನಲ್ಲಿ ಇವರನ್ನು ಮ್ಯಾನೇಜರ್ ಎನ್ನುತ್ತಾರೆ. ಬ್ಯಾಂಕಿನ ಮ್ಯಾನೇಜರ್ ಹಾಗೆ ಇವರಿಗೆ ಕ್ಯಾಬಿನ್ ಆಗಲಿ, ಮೇಜಿನ ಮೇಲೆ ಕರೆಗಂಟೆಯಾಗಲಿ ಇರುವುದಿಲ್ಲ! ನಮ್ಮಲ್ಲಿ ಮುಖ್ಯ ಕೋಚ್ ಎನ್ನುವುದೇ ರೂಢಿ.

ಯಾರನ್ನು ತಂಡಕ್ಕೆ ತೆಗೆದುಕೊಳ್ಳಬೇಕು, ಯಾರು ಯಾವ ಜಾಗದಲ್ಲಿ ಆಡಬೇಕು, ಮುನ್ನುಗ್ಗಬೇಕೋ ಕೋಟೆ ಕಾಯಬೇಕೋ, ಯಾರನ್ನು ಯಾವಾಗ ಬದಲಾಯಿಸಬೇಕು ಎಂಬ ತೀರ್ಮಾನವೆಲ್ಲ ಇವರದು. ಸೀಟಿ ಊದಿದ ಮೇಲೆ ಮಾತ್ರ ಇವರು ಗೆರೆ ದಾಟುವಂತಿಲ್ಲ. ಮಗಳನ್ನು ಪರೀಕ್ಷೆಯ ಕೋಣೆಗೆ ಕಳಿಸಿ ಹೊರಗೆ ಮರದ ನೆರಳಲ್ಲಿ ನಿಂತ ತಂದೆಯ ಪಾಡು ಇವರದು. ಆಡುವವರು ಹನ್ನೊಂದು ಮಂದಿ, ಉತ್ತರ ಕೊಡಬೇಕಾದವರು ಒಬ್ಬರು.

173ರಿಂದ 96ಕ್ಕೆ

ಕಾನ್‌ಸ್ಟೆಂಟೈನ್ ಲಂಡನ್ನಿನಲ್ಲಿ ಹುಟ್ಟಿದವರು. ಮೊಣಕಾಲಿನ ಗಾಯದಿಂದ ಎಳೆ ವಯಸ್ಸಿನಲ್ಲೇ ಆಟ ನಿಲ್ಲಿಸಿ ತರಬೇತಿಯ ದಾರಿ ಹಿಡಿದರು. ನೇಪಾಳ, ಮಲಾವಿ, ಸುಡಾನ್, ರುವಾಂಡ ಹೀಗೆ ದೊಡ್ಡ ಹೆಸರಿಲ್ಲದ ತಂಡಗಳೇ ಅವರ ಪಾಲಿಗೆ ಬಂದವು. ಭಾರತಕ್ಕೆ ಮೊದಲು ಬಂದದ್ದು 2002ರಲ್ಲಿ. ಆ ವರ್ಷವೇ ವಿಯೆಟ್ನಾಮಿನಲ್ಲಿ ನಡೆದ ಎಲ್‌ಜಿ ಕಪ್ ಭಾರತದ ಪಾಲಾಯಿತು. 2005ರಲ್ಲಿ ಹೋದರು. ಹತ್ತು ವರ್ಷದ ಮೇಲೆ, 2015ರ ಜನವರಿಯಲ್ಲಿ, ಮತ್ತೆ ಬಂದರು.

ಆಗ ನಮ್ಮ ತಂಡದ ಸ್ಥಿತಿ ಹೇಗಿತ್ತು? 2015ರ ಮಾರ್ಚ್‌ನ ಫಿಫಾ ಪಟ್ಟಿಯಲ್ಲಿ ಭಾರತ 173ನೇ ಸ್ಥಾನಕ್ಕೆ ಕುಸಿದಿತ್ತು. ಅದಕ್ಕಿಂತ ಕೆಳಗೆ ನಾವು ಎಂದೂ ಇಳಿದಿರಲಿಲ್ಲ.

ಹೊಸ ಕೋಚ್ ಬಂದೊಡನೆ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. 2018ರ ವಿಶ್ವಕಪ್ಪಿನ ಅರ್ಹತಾ ಸುತ್ತಿನಲ್ಲಿ ಮೊದಲ ಐದು ಪಂದ್ಯಗಳನ್ನೂ ಸೋತೆವು. ಅದರಲ್ಲಿ ಒಂದು ಸೋಲು ಗುವಾಮ್ ಎದುರು. ಪೆಸಿಫಿಕ್ ಸಾಗರದ ಈ ಪುಟ್ಟ ದ್ವೀಪದ ಜನಸಂಖ್ಯೆ ಸುಮಾರು 1.6 ಲಕ್ಷ, ನಮ್ಮ ಬೆಂಗಳೂರಿನ ಒಂದು ಮೂಲೆಗೆ ಸಾಲದು! ನೂರು ಕೋಟಿ ದಾಟಿದ ದೇಶ ಅವರ ಎದುರು 1-2ರಿಂದ ಸೋತಾಗ ಎಷ್ಟು ನಗೆಪಾಟಲಾಗಿರಬೇಕು, ಊಹಿಸಿ.

ಆ ಸುತ್ತಿನಲ್ಲಿ ನಮಗೆ ದಕ್ಕಿದ್ದು ಒಂದೇ ಗೆಲುವು. ಅದು 2015ರ ನವೆಂಬರ್ 12ರಂದು ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ, ಅದೇ ಗುವಾಮ್ ಎದುರು, ರಾಬಿನ್ ಸಿಂಗ್ ಹೊಡೆದ ಒಂದೇ ಗೋಲಿನಿಂದ. ಉಳಿದ ಎರಡು ಪಂದ್ಯಗಳಲ್ಲೂ ಸೋಲು. ಒಟ್ಟು ಎಂಟು ಪಂದ್ಯ, ಏಳು ಸೋಲು.

ಇಲ್ಲಿ ಸ್ವಲ್ಪ ನಿಲ್ಲಿ. ಫಲಿತಾಂಶ ಕೆಟ್ಟದಾಗಿದ್ದಕ್ಕೆ ಕೋಚ್ ಹೋಗಬೇಕು ಎಂಬುದೇ ನಿಯಮವಾಗಿದ್ದರೆ ಅವರು ಆಗಲೇ ಹೋಗಬೇಕಿತ್ತು. ಅವರು ಹೋಗಲಿಲ್ಲ, ಫುಟ್‌ಬಾಲ್ ಫೆಡರೇಷನ್ನೂ ಕಳಿಸಲಿಲ್ಲ. ಅವರು ಹಳಬರನ್ನೇ ನೆಚ್ಚಿಕೊಳ್ಳದೆ ಹೊಸ ಹುಡುಗರನ್ನು ಒಬ್ಬೊಬ್ಬರನ್ನಾಗಿ ತಂಡಕ್ಕೆ ತಂದರು. 2016ರ ಜನವರಿಯಲ್ಲಿ ತಿರುವನಂತಪುರದಲ್ಲಿ ಆಫ್ಘಾನಿಸ್ತಾನವನ್ನು 2-1ರಿಂದ ಸೋಲಿಸಿ ಸ್ಯಾಫ್ ಕಪ್ ಗೆದ್ದರು. ಮುಂದಿನ ವರ್ಷ ಮ್ಯಾನ್ಮಾರ್ ತಂಡವನ್ನು ಅದರ ನೆಲದಲ್ಲೇ ಸೋಲಿಸಿದರು. 2017ರ ಜುಲೈಗೆ ಭಾರತ 96ನೇ ಸ್ಥಾನಕ್ಕೇರಿತು. ಎರಡು ದಶಕಗಳಲ್ಲಿ ಅಷ್ಟು ಮೇಲೆ ಹೋಗಿರಲಿಲ್ಲ.

2017ರ ಅಕ್ಟೋಬರ್ 11ರಂದು ಮತ್ತೆ ಕಂಠೀರವದಲ್ಲೇ ಮಕಾವ್ ತಂಡವನ್ನು 4-1ರಿಂದ ಸೋಲಿಸಿ ಭಾರತ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. ಅಂದು ರಾತ್ರಿ ಸ್ಟೇಡಿಯಮ್ಮಿನಲ್ಲಿ ಕೂಗಿದ ಬೆಂಗಳೂರಿನ ಮಕ್ಕಳು ಈಗ ಕಾಲೇಜಿನಲ್ಲಿರಬಹುದು.

ಎಂಟು ದಿನಗಳ ಏರಿಳಿತ

ಏಷ್ಯಾ ಕಪ್‌ನಲ್ಲಿ ಭಾರತದ ಗುಂಪಿನಲ್ಲಿದ್ದವರು ಆತಿಥೇಯ ಯುಎಇ, ಥಾಯ್ಲೆಂಡ್ ಮತ್ತು ಬಹರೇನ್.

ಜನವರಿ 6ರಂದು ಮೊದಲ ಪಂದ್ಯದಲ್ಲಿ ಭಾರತ ಥಾಯ್ಲೆಂಡನ್ನು 4-1ರಿಂದ ಸೋಲಿಸಿತು. ಸುನಿಲ್ ಚೆಟ್ರಿ ಎರಡು, ಅನಿರುದ್ಧ್ ಥಾಪಾ ಮತ್ತು ಜೆಜೆ ತಲಾ ಒಂದು ಗೋಲು ಹೊಡೆದರು. ಏಷ್ಯಾ ಕಪ್‌ನಲ್ಲಿ ಭಾರತ ಇದಕ್ಕೂ ಮೊದಲು ಗೆದ್ದದ್ದು 1964ರಲ್ಲಿ, ಅಂದರೆ 55 ವರ್ಷಗಳ ಹಿಂದೆ. ಅಂದು ಶಾಲೆಗೆ ಹೋಗುತ್ತಿದ್ದವರು ಇಂದು ಅಜ್ಜ ಅಜ್ಜಿಯರು.

ಮರುದಿನವೇ ಥಾಯ್ಲೆಂಡ್ ತನ್ನ ಕೋಚ್ ಮಿಲೊವಾನ್ ರಾಜೆವಾಕ್ ಅವರನ್ನು ಕೆಲಸದಿಂದ ತೆಗೆದುಹಾಕಿತು. ಇವರು ಸಾಮಾನ್ಯರಲ್ಲ, 2010ರ ವಿಶ್ವಕಪ್ಪಿನಲ್ಲಿ ಘಾನಾ ತಂಡವನ್ನು ಕ್ವಾರ್ಟರ್ ಫೈನಲ್‌ವರೆಗೆ ಕೊಂಡೊಯ್ದವರು. ಒಂದು ಸೋಲು, ಒಂದು ರಾತ್ರಿ, ಅಷ್ಟರಲ್ಲಿ ಹುದ್ದೆ ಹೋಯಿತು. ಇತ್ತ ನಮ್ಮ ಕೋಚ್‌ಗೆ ಹೊಗಳಿಕೆಯೋ ಹೊಗಳಿಕೆ. ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ಎಲ್ಲಿಯೂ ಬರವಿಲ್ಲ.

ಜನವರಿ 10ರಂದು ಯುಎಇ ಎದುರು ಭಾರತ ಚೆನ್ನಾಗಿಯೇ ಆಡಿತು. ಉದಾಂತ ಸಿಂಗ್ ಒದ್ದ ಚೆಂಡು ಗೋಲು ಕಂಬದ ಮೇಲಿನ ಅಡ್ಡಪಟ್ಟಿಗೆ ಬಡಿದು ವಾಪಸು ಬಂತು. ಕೊನೆಗೆ 0-2ರ ಸೋಲು. ಅದಾದ ನಾಲ್ಕೇ ದಿನಕ್ಕೆ ಶಾರ್ಜಾದ ಆ ರಾತ್ರಿ.

ಒಂದು ಪುಟ್ಟ ಲೆಕ್ಕ

ಮಕ್ಕಳೇ, ಕಾಗದ ಪೆನ್ಸಿಲ್ ತನ್ನಿ. ಗೆದ್ದರೆ 3 ಅಂಕ, ಡ್ರಾ ಆದರೆ 1, ಸೋತರೆ ಸೊನ್ನೆ. ಪಂದ್ಯಗಳೆಲ್ಲ ಮುಗಿದಾಗ ಯುಎಇ 5, ಥಾಯ್ಲೆಂಡ್ 4, ಬಹರೇನ್ 4, ಭಾರತ 3. ನಾವು ಕಟ್ಟಕಡೆ.

ಈಗ ಆ 91ನೇ ನಿಮಿಷದ ಗೋಲನ್ನು ಅಳಿಸಿಬಿಡಿ. ಪಂದ್ಯ ಡ್ರಾ. ಭಾರತಕ್ಕೆ ಒಂದು ಅಂಕ ಸೇರಿ 4 ಆಗುತ್ತದೆ. ಬಹರೇನಿಗೆ ಎರಡು ಕಳೆದು 2 ಉಳಿಯುತ್ತದೆ. ಥಾಯ್ಲೆಂಡಿನದೂ ನಮ್ಮಷ್ಟೇ 4. ಇಬ್ಬರ ಅಂಕ ಸಮವಾದರೆ ತಮ್ಮತಮ್ಮಲ್ಲಿ ಆಡಿದಾಗ ಗೆದ್ದವರಿಗೆ ಮೇಲಿನ ಸ್ಥಾನ. ಥಾಯ್ಲೆಂಡನ್ನು ನಾವು ಸೋಲಿಸಿದ್ದೆವಲ್ಲ? ಹಾಗಾಗಿ ಭಾರತ ಗುಂಪಿನಲ್ಲಿ ಎರಡನೆಯದು! ಮುಂದಿನ ಸುತ್ತಿನಲ್ಲಿ ಚೀನಾ ಎದುರು ಆಡುತ್ತಿದ್ದವರು ನಾವು.

ಎರಡನೇ ಸ್ಥಾನಕ್ಕೂ ಕೊನೆಯ ಸ್ಥಾನಕ್ಕೂ ನಡುವೆ ಇದ್ದದ್ದು ಒಂದೇ ಒದೆತ. ಕೋಚ್‌ನ ನಾಲ್ಕು ವರ್ಷದ ದುಡಿಮೆ ಆ ಒಂದು ನಿಮಿಷದಲ್ಲಿ ಕೆಟ್ಟುಹೋಯಿತೇ? ಲೆಡ್ಜರ್ ಬರೆದ ಕೈಗೆ ಈ ಪ್ರಶ್ನೆಯ ಉತ್ತರ ಗೊತ್ತು. ಪುಟದ ಕೊನೆಯ ಸಾಲಿನಲ್ಲಿ ಕಾಣುವುದು ಬಾಕಿ ಮಾತ್ರ. ಎಷ್ಟು ಜಮೆಯಾಯಿತು, ಎಲ್ಲಿಂದ ಆರಂಭವಾಯಿತು ಎಂದು ತಿಳಿಯಬೇಕಾದರೆ ಹಿಂದಿನ ಪುಟಗಳನ್ನು ತಿರುವಬೇಕು. 173ರಲ್ಲಿ ಆರಂಭವಾದ ಖಾತೆ ಏಷ್ಯಾ ಕಪ್‌ಗೆ ಹೋಗುವಾಗ 97ರಲ್ಲಿತ್ತು.

ಹೋಗಬೇಕಿತ್ತೇ, ಬೇಡವೇ?

ಹಾಗಾದರೆ ಅವರು ಉಳಿಯಬೇಕಿತ್ತು ಎನ್ನುವಿರಾ? ಅದಕ್ಕೂ ಎರಡು ಮಾತುಗಳಿವೆ. ಅವರ ತಂಡ ಚೆಂಡನ್ನು ಉದ್ದಕ್ಕೆ ಒದ್ದು ಓಡುತ್ತದೆ, ಸಣ್ಣ ಸಣ್ಣ ಪಾಸುಗಳ ಸೊಗಸು ಇಲ್ಲ ಎಂಬ ಟೀಕೆ ಮೊದಲಿನಿಂದಲೂ ಇತ್ತು. ಬಹರೇನ್ ಎದುರು ಡ್ರಾ ಸಾಕೆಂದು ಹಿಂದೆ ಸರಿದು ನಿಂತದ್ದೇ ಮುಳುವಾಯಿತು ಎಂದವರೂ ಇದ್ದಾರೆ. ಅದರಲ್ಲಿ ಸತ್ಯವಿಲ್ಲ ಎನ್ನಲಾಗದು.

ಕಾನ್‌ಸ್ಟೆಂಟೈನ್ ಕೊಟ್ಟ ಕಾರಣ ಸರಳವಾಗಿತ್ತು. ನಾಲ್ಕು ವರ್ಷದ ಹಿಂದೆ ಬಂದಾಗ ತಮ್ಮ ಗುರಿ ಭಾರತವನ್ನು ಏಷ್ಯಾ ಕಪ್‌ಗೆ ತಲುಪಿಸುವುದು, ಅದು ಆಗಿದೆ, ಇನ್ನು ತಾವು ಹೊರಡುವ ಹೊತ್ತು ಎಂಬ ಅರ್ಥದ ಮಾತು ಅವರದು.

ನನಗೆ ಹಿಡಿಸಿದ್ದು ಇದೇ. 2015ರಲ್ಲಿ ಐದು ಸೋಲಾದಾಗ ಕೆಲಸ ಅರ್ಧಕ್ಕೆ ನಿಂತಿತ್ತು. ಆಗ ಹೋಗಿದ್ದರೆ ಅದು ಓಡಿಹೋದಂತೆ. 2019ರಲ್ಲಿ ಒಪ್ಪಿಕೊಂಡ ಕೆಲಸ ಮುಗಿದಿತ್ತು. ಅದರಾಚೆಗೆ ಕರೆದೊಯ್ಯಲು ಹೊಸಬರು ಬೇಕಿತ್ತು. ಕುರ್ಚಿಗೆ ಅಂಟಿಕೊಂಡಿದ್ದರೆ ಅದು ಹಟವಾಗುತ್ತಿತ್ತು. ಕಷ್ಟ ಬಂದಾಗ ನಿಲ್ಲುವುದು, ಕೆಲಸ ಮುಗಿದಾಗ ಹೊರಡುವುದು, ಎರಡೂ ಬೇರೆ ಬೇರೆ ವಿದ್ಯೆಗಳು. ಒಂದು ಬಲ್ಲವರಿಗೆ ಇನ್ನೊಂದು ಬರುವುದು ಅಪರೂಪ. ನಿವೃತ್ತಿಯಾದ ಮೇಲೂ ಮನೆಯ ಬೀಗದ ಕೈ ಬಿಟ್ಟುಕೊಡಲೊಲ್ಲದ ನಮ್ಮಂಥ ಹಿರಿಯರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ!

ಇನ್ನೂ ಒಂದು ಮಾತು. ಎದುರಾಳಿಯನ್ನು ಬೀಳಿಸಿದ ಆ ಆಟಗಾರನ ಹೆಸರನ್ನು ನಾನು ಬರೆದಿಲ್ಲ, ಗಮನಿಸಿದಿರಾ? ಇಪ್ಪತ್ತೈದರ ಹರೆಯದ ಹುಡುಗ. ತೊಂಬತ್ತು ನಿಮಿಷ ಜೀವ ತೇದು ಆಡಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹಾಗೆಯೇ ಕೋಚ್ ಅಂದು 'ಆ ಒಬ್ಬನಿಂದ ಕೆಟ್ಟಿತು' ಎಂದು ಸುಲಭವಾಗಿ ಹೇಳಿಬಿಡಬಹುದಿತ್ತು. ಹಾಗೆ ಹೇಳಿದ್ದರೆ ಆ ಹುಡುಗ ಜೀವಮಾನವಿಡೀ ಅದನ್ನು ಹೊತ್ತು ತಿರುಗಬೇಕಿತ್ತು. ಕೋಚ್ ತಾವೇ ಹೊರಟಿದ್ದರಿಂದ ಮಾತೆಲ್ಲ ಅವರತ್ತ ತಿರುಗಿತು. ದೊಡ್ಡವರ ಹೆಗಲು ಇರುವುದು ಇಂಥದ್ದಕ್ಕೇ.

ಆಮೇಲೆ ಏನಾಯಿತು?

2019ರ ಮೇ ತಿಂಗಳಲ್ಲಿ ಕ್ರೊಯೇಷಿಯಾದ ಇಗೊರ್ ಸ್ಟಿಮಾಕ್ ಭಾರತದ ಕೋಚ್ ಆದರು. ಅವರ ಕಾಲದಲ್ಲಿ ಸಂತೋಷದ ದಿನಗಳೂ ಇದ್ದವು. 2023ರ ಜುಲೈನಲ್ಲಿ ಕಂಠೀರವದಲ್ಲೇ ಕುವೈತನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಸ್ಯಾಫ್ ಕಪ್ ಗೆದ್ದದ್ದು ನೆನಪಿರಬಹುದು. ಆದರೆ 2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತ ಮೂರೂ ಪಂದ್ಯ ಸೋತಿತು, ಒಂದು ಗೋಲನ್ನೂ ಹೊಡೆಯಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಫೆಡರೇಷನ್ ಅವರನ್ನು ತೆಗೆದುಹಾಕಿತು. ಕೋಚ್ ಬದಲಾದ ಮಾತ್ರಕ್ಕೆ ಹಣೆಬರಹ ಬದಲಾಗುವುದಿಲ್ಲ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು. 2019ರ ಆ ಮೂರು ಅಂಕಗಳ ಬೆಲೆ ಏರಿದ್ದೂ ಆಗಲೇ.

ಕಾನ್‌ಸ್ಟೆಂಟೈನ್ ಸುಮ್ಮನೆ ಕೂರಲಿಲ್ಲ. 2023ರಲ್ಲಿ ಪಾಕಿಸ್ತಾನ ತಂಡದ ಹೊಣೆ ಹೊತ್ತರು. ಆ ದೇಶ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಅಲ್ಲಿಯವರೆಗೆ ಒಂದೇ ಒಂದು ಪಂದ್ಯ ಗೆದ್ದಿರಲಿಲ್ಲ. ಅಕ್ಟೋಬರ್ 17ರಂದು ಇಸ್ಲಾಮಾಬಾದ್‌ನಲ್ಲಿ ಕಾಂಬೋಡಿಯಾ ತಂಡವನ್ನು 1-0ರಿಂದ ಸೋಲಿಸಿ ಮೊದಲ ಗೆಲುವು ಕಂಡಿತು. ಗೆರೆಯಾಚೆ ನಿಂತಿದ್ದವರು ಇದೇ ಮನುಷ್ಯ. ಶಾರ್ಜಾದಲ್ಲಿ ಒಂದು ಗೋಲು ಅವರನ್ನು ಮನೆಗೆ ಕಳಿಸಿತ್ತು. ಇಸ್ಲಾಮಾಬಾದ್‌ನಲ್ಲಿ ಒಂದು ಗೋಲು ಒಂದು ದೇಶವನ್ನೇ ಕುಣಿಸಿತು. ಎರಡು ಸಲವೂ ಅವರು ಚೆಂಡು ಮುಟ್ಟಿರಲಿಲ್ಲ.